ಡೇಟಿಗೆ ಮೊದಲೇ ಬೇನೆ ಬಂದ್ರೆ, ಮಗು ಎನ್‌ಐಸಿಯುನಲ್ಲಿದ್ರೆ (ಹುಟ್ಟಿದ ಮಕ್ಕಳ ಐಸಿಯು) ಎಂತ ಮಾಡ್ಬೇಕು: ನಮ್ಮ ಕಾಸರಗೋಡು ಕಡೆಯವರಿಗೆ

ಏಳು ತಿಂಗಳು ಆಗುವಾಗ ನಮ್ಮಲ್ಲಿ ಸೀಮಂತ ಮಾಡಿ ಹುಡುಗಿಯನ್ನು ತವರಿಗೆ ಕಳಿಸ್ತಾರೆ, ಸೀರೆ ಬಳೆ ಮಲ್ಲಿಗೆ ಎಲ್ಲ ನೆನಪಿರ್ತದೆ, ಸ್ಕ್ಯಾನಿಂಗ್ ಫೈಲ್ ಮಾತ್ರ ಗಂಡನ ಮನೆ ಕಪಾಟಿನಲ್ಲೇ ಉಳೀತದೆ. ಬೇಗ ಬೇನೆ ಬರುವವರಿಗೆ ಅದು ಬರುವುದು ಈ ಏಳು ಎಂಟು ತಿಂಗಳ ಹೊತ್ತಿಗೇ. ಹಾಗಾಗಿ ಮೊದಲ ಕೆಲಸ ಎಂತ ಅಂದ್ರೆ ಫೈಲ್ ಹುಡುಗಿ ಎಲ್ಲಿದ್ದಾಳೋ ಅಲ್ಲೇ ಇರ್ಬೇಕು. ಬ್ಲಡ್ ಗ್ರೂಪ್, ಬಿಪಿ ಶುಗರ್ ರಿಪೋರ್ಟು, ಮುಖ್ಯವಾಗಿ ಮೂರು ತಿಂಗಳ ಒಳಗೆ ಮಾಡಿದ ಮೊದಲ ಸ್ಕ್ಯಾನ್, ಯಾಕಂದ್ರೆ ಮಗುವಿಗೆ ಎಷ್ಟು ವಾರ ಅಂತ ಸರಿಯಾಗಿ ಹೇಳುದು ಅದೇ, ಮತ್ತೆ ಆಸ್ಪತ್ರೆಯಲ್ಲಿ ಎಲ್ಲ ತೀರ್ಮಾನ ಆಗುದು ಆ ವಾರದ ಲೆಕ್ಕದ ಮೇಲೆ. ಎಲ್ಲದರ ಫೋಟೋ ತೆಗ್ದು ಗಂಡನ ಫೋನಲ್ಲೂ ಅಮ್ಮನ ಫೋನಲ್ಲೂ ಇಟ್ಕೊಳ್ಳಿ.

ನನ್ನ ಮಗಳು 30 ವಾರಕ್ಕೆ ಹುಟ್ಟಿದವಳು, ಈಗ ಶಾಲೆಗೆ ಹೋಗ್ತಾಳೆ. ಅಂದಿನಿಂದ ನಮ್ಮ ಸುತ್ತಮುತ್ತ ಯಾರಿಗೆ ಹೀಗಾದ್ರೂ ಫೋನ್ ಬರುದು ನನಗೆ, ಎಲ್ಲರದ್ದೂ ಅದೇ ಪ್ರಶ್ನೆಗಳು, ಹಾಗಾಗಿ ಒಂದು ಕಡೆ ಬರೆದೇ ಬಿಡುವ ಅಂತ ಕೂತೆ. ನಾನು ಡಾಕ್ಟ್ರಲ್ಲ, ಮದ್ದಿನ ವಿಷಯ ನಿಮ್ಮ ಡಾಕ್ಟ್ರು ಹೇಳಿದ್ದೇ ಫೈನಲ್. ಆದ್ರೆ ಅಪ್ಪ ಅಮ್ಮನಿಗೆ ಅಲ್ಲಿ ಕೆಲಸ ಬಹಳ ಉಂಟು ಮಾರಾಯ್ರೆ, ಗಾಜಿನ ಹೊರಗೆ ನಿಂತು ಕೈ ಮುಗಿಯುದು ಒಂದೇ ಅಲ್ಲ, ಮತ್ತೆ ಆ ಕೆಲಸ ಎಂತದು ಅಂತ ಯಾರೂ ಕೂರಿಸಿ ಹೇಳಿ ಕೊಡುದಿಲ್ಲ.

ಎಲ್ಲಿಗೆ ಹೋಗುದು ಅಂತ ಇವತ್ತೇ ತೀರ್ಮಾನ ಮಾಡಿ

ನಾವಿರುದು ಗಡಿಯಲ್ಲಿ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಐವತ್ತು ಕಿಲೋಮೀಟರ್, ಪೆರ್ಲ ಕಡೆಯವರಿಗೆ ಪುತ್ತೂರೂ ಹತ್ರ, ಕಾಞಂಗಾಡಿನಿಂದ ಆಚೆಯವರಿಗೆ ಪರಿಯಾರಂ ಮೆಡಿಕಲ್ ಕಾಲೇಜು ಉಂಟು. ಎಲ್ಲ ಕಡೆ ಹೆರಿಗೆ ಮಾಡಿಸ್ತಾರೆ, ಆದ್ರೆ ಎಲ್ಲ ಕಡೆ ಒಂದೂಕಾಲು ಕಿಲೋದ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಇರುದಿಲ್ಲ. ನೀವು ತೋರಿಸುವ ಆಸ್ಪತ್ರೆಯಲ್ಲಿ ಮುಂದಿನ ಚೆಕಪ್ಪಿಗೆ ಹೋಗುವಾಗ ನಾಚಿಕೆ ಇಲ್ಲದೆ ಕೇಳಿ: ಇಲ್ಲಿ ಎನ್‌ಐಸಿಯು ಉಂಟಾ, ವೆಂಟಿಲೇಟರ್ ಉಂಟಾ, ರಾತ್ರಿ ಮಕ್ಕಳ ಡಾಕ್ಟ್ರು ಇರ್ತಾರಾ, ಎಷ್ಟು ವಾರದ ಮಗುವಿನವರೆಗೆ ಇಲ್ಲೇ ಇಟ್ಕೊಳ್ತೀರಿ, ಇಲ್ಲಾಂದ್ರೆ ಎಲ್ಲಿಗೆ ಕಳಿಸ್ತೀರಿ. ಈ ಐದು ಪ್ರಶ್ನೆ ಅಷ್ಟೆ. ಕೊನೆಯ ಪ್ರಶ್ನೆಗೆ ಬರುವ ಉತ್ತರವೇ ನಿಮ್ಮ ಆಸ್ಪತ್ರೆ ಅಂತ ಇಟ್ಕೊಳ್ಳಿ.

ಯಾಕೆ ಇಷ್ಟು ಹೇಳ್ತೇನೆ ಅಂದ್ರೆ, ಮಗು ಹುಟ್ಟಿದ ಮೇಲೆ ಆಂಬ್ಯುಲೆನ್ಸಿನಲ್ಲಿ ಸಾಗಿಸುದಕ್ಕಿಂತ ಹೊಟ್ಟೆಯೊಳಗೆ ಇರುವಾಗಲೇ ದೊಡ್ಡ ಆಸ್ಪತ್ರೆಗೆ ಮುಟ್ಟಿಸುದು ಎಷ್ಟೋ ಒಳ್ಳೇದು, ಇದರಲ್ಲಿ ಡಾಕ್ಟ್ರುಗಳ ಮಧ್ಯೆ ಜಗಳ ಇಲ್ಲ. ಚಿಕ್ಕ ಮಗು ದಾರಿಯಲ್ಲಿ ತಣ್ಣಗಾಗ್ತದೆ, ಶುಗರ್ ಇಳೀತದೆ, ಉಸಿರಾಟ ಹೆಚ್ಚುಕಮ್ಮಿ ಆಗ್ತದೆ, ಆ ಮೊದಲ ಗಂಟೆಯ ಪೆಟ್ಟು ಸರಿ ಮಾಡ್ಲಿಕ್ಕೆ ಮತ್ತೆ ವಾರಗಟ್ಟಲೆ ಬೇಕು. ಆದ್ರೆ ಬೇನೆ ಪೂರ್ತಿ ಮುಂದುವರಿದು ದಾರಿಯಲ್ಲೇ ಆಗುವ ಹಾಗಿದ್ರೆ ಹತ್ತಿರದ ಆಸ್ಪತ್ರೆಯೇ ಸರಿ, ಕಾರಿನಲ್ಲಿ ಹೆರಿಗೆ ಆಗುವ ರಿಸ್ಕ್ ತಕ್ಕೊಳ್ಬೇಡಿ, ಹೊರಡಬಹುದಾ ಬೇಡ್ವಾ ಅಂತ ಅಲ್ಲಿನ ಡಾಕ್ಟ್ರು ಪರೀಕ್ಷೆ ಮಾಡಿ ಹೇಳ್ಬೇಕು.

108 ಎರಡೂ ರಾಜ್ಯದಲ್ಲಿ ಉಂಟು, ಆದ್ರೆ ನಿಮ್ಮ ಊರಿನಿಂದ ಕರೆದ್ರೆ ಯಾವ ಆಸ್ಪತ್ರೆವರೆಗೆ ಬಿಡ್ತಾರೆ, ತಲಪಾಡಿ ಗಡಿ ದಾಟ್ತಾರಾ ಅಂತ ಆಶಾ ವರ್ಕರ್ ಹತ್ರ ಮೊದಲೇ ವಿಚಾರಿಸಿ. ಒಂದು ಪ್ರೈವೇಟ್ ಆಂಬ್ಯುಲೆನ್ಸ್ ನಂಬರ್, ರಾತ್ರಿ ಎದ್ದು ಬರುವ ಒಬ್ಬ ಜೀಪಿನವ ಅಥವಾ ಕಾರಿನವನ ನಂಬರ್, ಎರಡೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು, ಮಂಗಳೂರನ್ನೇ ನಂಬಿದ ಪೇಷಂಟ್‌ಗಳು ಪರದಾಡಿದ್ದು ನಮಗೆ ಯಾರಿಗೂ ಮರೆತಿಲ್ಲ, ಹಾಗಾಗಿ ಕೇರಳದ ಕಡೆ ಒಂದು, ಕರ್ನಾಟಕದ ಕಡೆ ಒಂದು ಅಂತ ಎರಡು ಆಸ್ಪತ್ರೆ ತಲೆಯಲ್ಲಿ ಇರ್ಲಿ. ಮಳೆಗಾಲದಲ್ಲಿ ಮರ ಬಿದ್ದು ಒಳರಸ್ತೆ ಬ್ಲಾಕ್ ಆಗುದಂತೂ ವರ್ಷಾವರ್ಷ ಇದ್ದದ್ದೇ.

ಇದು ಬೇನೆಯಾ, ಸುಮ್ನೆ ನೋವಾ

37 ವಾರ ತುಂಬುದಕ್ಕೆ ಮೊದಲು ಹುಟ್ಟಿದ್ರೆ ಅವಧಿಪೂರ್ವ ಹೆರಿಗೆ. ಬೇನೆ ಅಂದ್ರೆ ಸಿನಿಮಾದಲ್ಲಿ ಬೊಬ್ಬೆ ಹೊಡೆದ ಹಾಗೆ ಶುರುವಾಗುದಿಲ್ಲ. ಹೊಟ್ಟೆ ಒಮ್ಮೆ ಕಲ್ಲಿನ ಹಾಗೆ ಬಿಗಿ ಆಗಿ ಮತ್ತೆ ಸಡಿಲ ಆಗುದು, ಹತ್ತು ನಿಮಿಷಕ್ಕೊಮ್ಮೆ ಅಥವಾ ಅದಕ್ಕಿಂತ ಬೇಗ ಬೇಗ, ಸೊಂಟದ ಕೆಳಗೆ ಬಿಡದೆ ಬರುವ ನೋವು, ಮುಟ್ಟಿನ ನೋವಿನ ಹಾಗೆ, ಕೆಳಗೆ ಎಂತದೋ ಒತ್ತಿದ ಹಾಗೆ ಆಗುದು, ಲೋಳೆ ಲೋಳೆಯಾಗಿ ಅಥವಾ ನೀರಿನ ಹಾಗೆ ಹೋಗುದು, ರಕ್ತ ಕಾಣುದು. ಕೆಲವರಿಗೆ ಗ್ಯಾಸ್ ಅಂತಲೇ ಅನಿಸ್ತದೆ, ಬೇಧಿ ಆದ ಹಾಗೆ ಹೊಟ್ಟೆ ಹಿಂಡ್ತದೆ. ಫೋನಿನ ಗಡಿಯಾರ ನೋಡಿ ಬಿಗಿ ಆದ ಟೈಮ್ ಬರೆದಿಡಿ, ಅದನ್ನೇ ಡಾಕ್ಟ್ರಿಗೆ ತೋರಿಸಿದ್ರೆ ಅರ್ಧ ಕೆಲಸ ಮುಗೀತು.

ನೀರು ಹೋದ್ರೆ ಪ್ಯಾಡ್ ಹಾಕಿ, ಎಷ್ಟು ಹೊತ್ತಿಗೆ ಹೋಯ್ತು, ಬಣ್ಣ ಎಂತದು, ವಾಸನೆ ಉಂಟಾ ಅಂತ ನೋಡಿ, ನೋವು ಇಲ್ದಿದ್ರೂ ಹೊರಡಿ. ರಕ್ತ ಕಂಡ್ರೂ ಹಾಗೆಯೇ. ಮಗು ಅಲ್ಲಾಡುದು ಕಮ್ಮಿ ಆದ್ರೂ ಹಾಗೆಯೇ. ಜೀರಿಗೆ ಕಷಾಯ ಕುಡಿದು ನೋಡುವ, ಬೆಳಿಗ್ಗೆವರೆಗೆ ಕಾಯುವ ಅನ್ನುವ ಮಾತು ಮನೆಯಲ್ಲಿ ಬಂದೇ ಬರ್ತದೆ, ಅತ್ತೆಯೋ ದೊಡ್ಡಮ್ಮನೋ ಪ್ರೀತಿಯಿಂದಲೇ ಹೇಳ್ತಾರೆ. ಅವರ ಹತ್ರ ವಾದ ಮಾಡ್ಲಿಕ್ಕೆ ಹೋಗ್ಬೇಡಿ, ಕಷಾಯ ಫ್ಲಾಸ್ಕಿನಲ್ಲಿ ಹಾಕಿ ಕೊಡಿ ಅಂತ ಹೇಳಿ ಕಾರು ಹತ್ತಿ. ಹೋಗಿ ನೋಡಿ ಎಂತ ಇಲ್ಲ ಅಂತ ವಾಪಸ್ ಕಳಿಸಿದ್ರೆ ಬರೀ ಪೆಟ್ರೋಲ್ ಖರ್ಚು.

ಇನ್ನೊಂದು ನಮ್ಮ ಕಡೆ ಗಟ್ಟಿ ನಂಬಿಕೆ, ಏಳರ ಮಗು ಉಳೀತದೆ ಎಂಟರದ್ದು ಉಳಿಯುದಿಲ್ಲ ಅಂತ. ಇದು ಪೂರಾ ಸುಳ್ಳು. ಹೊಟ್ಟೆಯಲ್ಲಿ ಒಂದೊಂದು ವಾರ ಹೆಚ್ಚು ಇದ್ದಷ್ಟೂ ಶ್ವಾಸಕೋಶ, ಮಿದುಳು, ಕರುಳು ಎಲ್ಲ ಬಲಿತು ಮಗು ಗಟ್ಟಿ ಆಗ್ತದೆ. 34 ವಾರದ ಮಗುವಿನ ತಾಯಿಗೆ ಈ ಮಾತು ಹೇಳಿ ಹೆದರಿಸುವವರನ್ನು ವಾರ್ಡಿನೊಳಗೆ ಬಿಡ್ಬೇಡಿ, ಅಷ್ಟೆ.

ಕಾರಣ ಎಂತ ಅಂತ ಎಲ್ರೂ ಕೇಳ್ತಾರೆ. ಮೂತ್ರದ ಇನ್‌ಫೆಕ್ಷನ್, ಅವಳಿ ಮಕ್ಕಳು, ಗರ್ಭಕೋಶದ ಬಾಯಿ ಗಿಡ್ಡ ಇರುದು, ಹಿಂದೆ ಒಮ್ಮೆ ಬೇಗ ಆಗಿರುದು, ಬಿಪಿ ಏರಿ ಡಾಕ್ಟ್ರೇ ಬೇಗ ತೆಗೀಬೇಕಾಗಿ ಬರುದು, ಹೀಗೆ ಹಲವು. ತುಂಬ ಸಲ ಕಾರಣವೇ ಸಿಗುದಿಲ್ಲ. ಸ್ಕೂಟರಿನಲ್ಲಿ ಹೋದದ್ದಕ್ಕೆ, ಗ್ರಹಣದ ದಿನ ಹೊರಗೆ ಬಂದದ್ದಕ್ಕೆ ಅಂತ ಶುರು ಮಾಡುವವರು ಇದ್ದಾರಲ್ಲ, ಬಾಣಂತಿಯ ಕಿವಿಗೆ ಅದು ಬೀಳದ ಹಾಗೆ ನೋಡಿಕೊಳ್ಳುದು ಗಂಡನ ಡ್ಯೂಟಿ.

ಲೇಬರ್ ರೂಮಿನಲ್ಲಿ ಎಂತ ಮಾಡ್ತಾರೆ

ಬೇನೆ ಪೂರ್ತಿ ನಿಲ್ಲಿಸುವ ಮದ್ದು ಅಂತ ಇಲ್ಲ. ಕೊಡುವ ಮಾತ್ರೆ, ಹೆಚ್ಚಾಗಿ ನಿಫೆಡಿಪಿನ್, ಒಂದೆರಡು ದಿನ ಮುಂದೂಡ್ಲಿಕ್ಕೆ. ಆ ಎರಡು ದಿನ ಯಾಕೆ ಅಂದ್ರೆ ಸ್ಟೀರಾಯ್ಡ್ ಇಂಜೆಕ್ಷನ್ ಕೆಲಸ ಮಾಡ್ಲಿಕ್ಕೆ. 24ರಿಂದ 34 ವಾರದ ಮಧ್ಯೆ ಬೇನೆ ಬಂದ್ರೆ ತಾಯಿಗೆ ಕೊಡುವ ಈ ಇಂಜೆಕ್ಷನ್ ಮಗುವಿನ ಶ್ವಾಸಕೋಶವನ್ನು ಬೇಗ ತಯಾರು ಮಾಡ್ತದೆ, ಡೆಕ್ಸಾಮೆಥಸೋನ್ ಆದ್ರೆ 12 ಗಂಟೆಗೊಮ್ಮೆ ನಾಲ್ಕು ಸಲ, ಬೀಟಾಮೆಥಸೋನ್ ಆದ್ರೆ 24 ಗಂಟೆ ಬಿಟ್ಟು ಎರಡು ಸಲ. ಸ್ಟೀರಾಯ್ಡ್ ಅಂದ ಕೂಡ್ಲೆ ಬೇಡ ಅಂತ ಹೇಳುವವರಿದ್ದಾರೆ, ದಯಮಾಡಿ ಹಾಗೆ ಹೇಳ್ಬೇಡಿ, ಬೇಗ ಹುಟ್ಟುವ ಮಗುವಿಗೆ ಇದಕ್ಕಿಂತ ದೊಡ್ಡ ಉಪಕಾರ ಮಾಡುವ ಮದ್ದು ಕಮ್ಮಿ. ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲೇ ಸಣ್ಣ ಸರ್ಕಾರಿ ಕೇಂದ್ರದಲ್ಲೂ ಒಂದು ಡೋಸ್ ಕೊಡ್ಬಹುದು ಅಂತ 2014ರ ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಹೇಳ್ತದೆ, ಹಾಗಾಗಿ ಹೊರಡುವ ಮೊದಲು ಕೇಳಿ: ಸ್ಟೀರಾಯ್ಡ್ ಕೊಟ್ರಾ, ಎಷ್ಟು ಗಂಟೆಗೆ? ರೆಫರ್ ಚೀಟಿಯಲ್ಲಿ ಬರೆಸಿ.

32 ವಾರಕ್ಕಿಂತ ಕಮ್ಮಿ ಇದ್ರೆ ಮೆಗ್ನೀಸಿಯಂ ಸಲ್ಫೇಟ್ ಡ್ರಿಪ್ ಹಾಕ್ತಾರೆ, ಮಗುವಿನ ಮಿದುಳಿಗೆ ರಕ್ಷಣೆ. ಮೈಯೆಲ್ಲ ಬಿಸಿ ಬಿಸಿ, ಬೆವರು, ವಾಂತಿ ಬಂದ ಹಾಗೆ ಆಗ್ತದೆ, ಅದು ಆ ಮದ್ದಿನ ಗುಣ, ಸಿಸ್ಟರಿಗೆ ಹೇಳಿ, ಹೆದರ್ಬೇಡಿ. ನೀರು ಹೋಗಿದ್ರೆ ಆಂಟಿಬಯೋಟಿಕ್ ಕೂಡ.

ಮಗು ಹೊರಗೆ ಬಂದಾಗ ಅಳು ಕೇಳದೇ ಇರ್ಬಹುದು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಕ್ಕೊಂಡು ಹೋಗ್ತಾರೆ, ನೋಡಿದವರಿಗೆ ಎದೆ ಒಡೀತದೆ. ಅದು ಮೈ ಬಿಸಿ ಹೋಗದ ಹಾಗೆ ಮಾಡುವ ಉಪಾಯ. ಅಪ್ಪ ಮಗುವಿನ ಹಿಂದೆ ಹೋಗ್ಲಿ, ಅಜ್ಜಿ ತಾಯಿಯ ಹತ್ರ ಇರ್ಲಿ, ಇದನ್ನು ಮೊದಲೇ ಮಾತಾಡಿಟ್ಟುಕೊಳ್ಳಿ. ಅಪ್ಪ ಪರ್ಮಿಷನ್ ಕೇಳಿ ಒಂದು ಫೋಟೋ ತೆಗೀಲಿ. ತಾಯಿ ಮಗುವನ್ನು ನೋಡ್ಲಿಕ್ಕೆ ಮರುದಿನ ಆಗ್ಬಹುದು, ಅಲ್ಲಿವರೆಗೆ ಆ ಫೋಟೋವೇ ಗತಿ.

ಎನ್‌ಐಸಿಯು ಒಳಗೆ

ಉಂಗುರ, ಬಳೆ, ವಾಚು ತೆಗ್ದು ಮೊಣಕೈವರೆಗೆ ಸೋಪು ಹಾಕಿ ತೊಳೀಬೇಕು, ಒಳಗೆ ಹೋದಷ್ಟೂ ಸಲ. ನೆಗಡಿ ಜ್ವರ ಇದ್ರೆ ಹೋಗ್ಬೇಡಿ. ಮಂಗಳೂರಲ್ಲಿ ಹೋದಲ್ಲೆಲ್ಲ ಸಿಸ್ಟರ್‌ಗಳು ಮಲಯಾಳಿಗಳೇ, ಅಲ್ಲಿ ನಮ್ಮ ಕಾಸರಗೋಡಿನ ಮಲಯಾಳ ಒಳ್ಳೆ ಉಪಯೋಗಕ್ಕೆ ಬರ್ತದೆ, ನಾಲ್ಕು ಮಾತು ಅವರ ಭಾಷೆಯಲ್ಲಿ ಆಡಿದ್ರೆ ಅವರೂ ಸ್ವಲ್ಪ ನಿಂತು ಹೇಳ್ತಾರೆ.

ಮೊದಲ ಸಲ ನೋಡುವಾಗ ವಯರುಗಳೇ ಕಾಣುದು. ಎದೆಗೆ ಅಂಟಿಸಿದ ಮೂರು ವಯರು ಹೃದಯದ ಬಡಿತಕ್ಕೆ, ಪಾದಕ್ಕೆ ಸುತ್ತಿದ ಕೆಂಪು ಲೈಟಿನದ್ದು ಆಕ್ಸಿಜನ್ ಅಳೀಲಿಕ್ಕೆ, ಬಾಯಿ ಅಥವಾ ಮೂಗಿನ ಸಪೂರ ಟ್ಯೂಬು ಹಾಲಿಗೆ, ಮೂಗಿಗೆ ಸಿಕ್ಕಿಸಿದ ದಪ್ಪದ್ದು ಸಿಪ್ಯಾಪ್, ಅದು ಶ್ವಾಸಕೋಶ ಮುಚ್ಚಿ ಹೋಗದ ಹಾಗೆ ಗಾಳಿಯ ಒತ್ತಡ ಕೊಡ್ತದೆ. ಉಸಿರು ತುಂಬ ಕಷ್ಟ ಇದ್ರೆ ಸರ್ಫ್ಯಾಕ್ಟಂಟ್ ಅಂತ ಒಂದು ಮದ್ದನ್ನು ನೇರ ಶ್ವಾಸನಾಳಕ್ಕೆ ಹಾಕ್ತಾರೆ, ಬೇಗ ಹುಟ್ಟಿದ ಮಕ್ಕಳ ಶ್ವಾಸಕೋಶದಲ್ಲಿ ಕಮ್ಮಿ ಇರುವ ವಸ್ತು ಅದು. ದುಬಾರಿ, ಆದ್ರೆ ಬೇಕು ಅಂದಾಗ ಬೇಗ ಬೇಕು.

ಮಾನಿಟರ್ ನೋಡಿ ಕೂರುವ ಚಟ ಎಲ್ಲ ಅಪ್ಪ ಅಮ್ಮನಿಗೆ ಹಿಡೀತದೆ. ಮಗುವಿನ ಹೃದಯ ನಿಮಿಷಕ್ಕೆ 120ರಿಂದ 160 ಬಡಿಯುದು ನಾರ್ಮಲ್, ನಮ್ಮ ಲೆಕ್ಕ ಅಲ್ಲಿ ಹಿಡೀಬೇಡಿ. ಆಕ್ಸಿಜನ್ ಕೊಡ್ತಿರುವ ಮಗುವಿಗೆ 90ರಿಂದ 95ರ ಮಧ್ಯೆ ಇಡ್ತಾರೆ. ನೂರು ಯಾಕಿಲ್ಲ, ಆಕ್ಸಿಜನ್ ಜಾಸ್ತಿ ಮಾಡಿ ಅಂತ ಹೊರಗೆ ಗಲಾಟೆ ಮಾಡುವ ಮಾವಂದಿರು ಇರ್ತಾರೆ, ಅವರಿಗೆ ಹೇಳಿ, ಆಕ್ಸಿಜನ್ ಜಾಸ್ತಿ ಆದ್ರೆ ಮಗುವಿನ ಕಣ್ಣಿನ ಪರದೆ ಹಾಳಾಗ್ತದೆ ಅಂತ. ಅಲಾರಂ ದಿನಕ್ಕೆ ಎಷ್ಟೋ ಸಲ ಹೊಡೀತದೆ, ವಯರು ಜಾರಿದ್ರೂ ಹೊಡೀತದೆ. ಸಿಸ್ಟರ್ ಮೊದಲು ನೋಡುದು ಸ್ಕ್ರೀನ್ ಅಲ್ಲ, ಮಗುವಿನ ಮುಖದ ಬಣ್ಣ, ಎದೆ ಏಳ್ತಾ ಉಂಟಾ ಅಂತ, ನೀವೂ ಅದನ್ನೇ ಕಲೀರಿ. ಚಿಕ್ಕ ಮಕ್ಕಳು ಉಸಿರಾಡ್ಲಿಕ್ಕೆ ಮರೀತಾರೆ, ನಿಜವಾಗ್ಲೂ, ಇಪ್ಪತ್ತು ಸೆಕೆಂಡು ಸುಮ್ನೆ ಇರ್ತಾರೆ, ಸಿಸ್ಟರ್ ಬಂದು ಅಂಗಾಲಿಗೆ ಬೆರಳಿನಲ್ಲಿ ಮೆಲ್ಲ ತಟ್ತಾರೆ, ಮಗು ಮೈ ಮುರಿದು ಮತ್ತೆ ಉಸಿರು ಶುರು ಮಾಡ್ತದೆ. ಅದಕ್ಕೆ ಕೊಡುವ ಮದ್ದು ಕೆಫೀನ್, ನಾವು ಬೆಳಿಗ್ಗೆ ಕುಡಿಯುವ ಕಾಫಿಯಲ್ಲಿ ಇರುದೇ.

ಡಾಕ್ಟ್ರು ರೌಂಡ್ಸಿಗೆ ಬರುವ ಟೈಮ್ ತಿಳ್ಕೊಂಡು ಆಗಲೇ ಅಲ್ಲಿರಿ. ಒಂದು ಚಿಕ್ಕ ಪುಸ್ತಕ ಇಟ್ಕೊಂಡು ದಿನಾ ಇಷ್ಟೇ ಕೇಳಿ: ಉಸಿರಾಟ ಹೇಗುಂಟು, ಹಾಲು ಎಷ್ಟು ಎಂಎಲ್, ಇವತ್ತಿನ ತೂಕ, ಇನ್‌ಫೆಕ್ಷನ್ ಉಂಟಾ, ತಲೆಯ ಸ್ಕ್ಯಾನ್ ಆಯ್ತಾ. ಉತ್ತರ ಅಲ್ಲೇ ಬರೀರಿ, ರಾತ್ರಿ ಮಲಗುವಾಗ ಎಂತದೂ ನೆನಪಿರುದಿಲ್ಲ. ತೂಕ ಮೊದಲ ವಾರ ಇಳೀತದೆ, ಹುಟ್ಟಿದ ತೂಕಕ್ಕೆ ವಾಪಸ್ ಬರ್ಲಿಕ್ಕೆ ಹತ್ತು ಹದಿನೈದು ದಿನ ಬೇಕು, ಇಳಿದದ್ದಕ್ಕೆ ಹಾಲು ಕಮ್ಮಿ ಆಯ್ತು ಅಂತ ತಾಯಿಯನ್ನು ದೂರ್ಬೇಡಿ. ಇವತ್ತು ಚೆನ್ನಾಗಿದ್ದದ್ದು ನಾಳೆ ಇನ್‌ಫೆಕ್ಷನ್ ಆಗಿ ಪುನಃ ವೆಂಟಿಲೇಟರಿಗೆ ಹೋಗ್ಬಹುದು. ಕೆಲವು ಮಕ್ಕಳು ಉಳಿಯುದಿಲ್ಲ, ಅದನ್ನು ಬರೀದೆ ಇದ್ರೆ ಇದು ಸುಳ್ಳು ಬರಹ ಆಗ್ತದೆ. ಮಗುವಿನ ಸ್ಥಿತಿ ನಿಜವಾಗಿ ಎಂತ, ಅತಿ ಕೆಟ್ಟದು ಎಂತ ಆಗ್ಬಹುದು ಅಂತ ಕೇಳುವ ಹಕ್ಕು ನಿಮಗೆ ಉಂಟು, ತಾಯಿಯಿಂದ ಅದನ್ನು ಮುಚ್ಚಿಡ್ಬೇಡಿ, ಅವಳಿಗೆ ಹೇಗೂ ಮುಖ ನೋಡಿ ಗೊತ್ತಾಗ್ತದೆ.

ಹಾಲು

ಇಡೀ ಎನ್‌ಐಸಿಯುನಲ್ಲಿ ನೀವು ಮಾತ್ರ ತಯಾರು ಮಾಡ್ಬಹುದಾದ ಮದ್ದು ಇದು. ಬೇಗ ಹುಟ್ಟಿದ ಮಕ್ಕಳಿಗೆ ಕರುಳು ಕೊಳೆಯುವ ಒಂದು ಭಯಂಕರ ಕಾಯಿಲೆ ಬರ್ತದೆ, ಎನ್‌ಇಸಿ ಅಂತಾರೆ, ತಾಯಿಹಾಲು ಕುಡಿಯುವ ಮಕ್ಕಳಲ್ಲಿ ಅದು ಪುಡಿಹಾಲಿನ ಮಕ್ಕಳಿಗಿಂತ ಕಮ್ಮಿ. ಮಗು ಚೀಪುದಿಲ್ಲ ಅಂತ ಸುಮ್ನೆ ಕೂತ್ರೆ ಹಾಲು ಬತ್ತಿ ಹೋಗ್ತದೆ. ಹೆರಿಗೆ ಆಗಿ ಮೊದಲ ಆರು ಗಂಟೆಯ ಒಳಗೆ, ಸಾಧ್ಯ ಆದ್ರೆ ಒಂದೆರಡು ಗಂಟೆಯಲ್ಲೇ ಹಿಂಡ್ಲಿಕ್ಕೆ ಶುರು ಮಾಡ್ಬೇಕು, ಸಿಸೇರಿಯನ್ ಆದ್ರೂ ಸರಿ, ಮಲಗಿಕೊಂಡೇ ಸಿಸ್ಟರ್ ಸಹಾಯ ತಕ್ಕೊಳ್ಳಿ.

ಮೊದಲ ದಿನ ಬರುದು ದಪ್ಪ ಹಳದಿ ಹಾಲು, ಹನಿ ಲೆಕ್ಕ. ಬಾಟ್ಲಿಗೆ ಹಿಂಡಿದ್ರೆ ಬಾಟ್ಲಿಗೇ ಅಂಟಿ ಹೋಗ್ತದೆ. ಸೂಜಿ ಇಲ್ಲದ ಒಂದು ಎಂಎಲ್ ಸಿರಿಂಜ್ ಕೇಳಿ ತಕ್ಕೊಂಡು, ಒಬ್ರು ಹಿಂಡುವಾಗ ಇನ್ನೊಬ್ರು ಮೊಲೆತೊಟ್ಟಿನ ಮೇಲೆ ನಿಂತ ಹನಿಯನ್ನು ಸಿರಿಂಜಿನಲ್ಲಿ ಎಳೀಬೇಕು, ಕಾಲು ಎಂಎಲ್ ಆದ್ರೂ ಕೊಂಡು ಹೋಗಿ ಕೊಡಿ. ಇಷ್ಟೇನಾ ಅಂತ ಯಾರೂ ನಗುದಿಲ್ಲ, ಮಗುವಿನ ಕೆನ್ನೆಯ ಒಳಗೆ ಸವರ್ತಾರೆ.

ಹಿಂಡುವ ಕ್ರಮ: ಕೈ ತೊಳೆದು, ಬಿಸಿನೀರಿನ ಬಟ್ಟೆ ಎರಡು ನಿಮಿಷ ಇಟ್ಟು, ಹೆಬ್ಬೆರಳು ಮೇಲೆ ಉಳಿದ ಬೆರಳು ಕೆಳಗೆ, ಕಪ್ಪು ಭಾಗದ ಅಂಚಿನಲ್ಲಿ ಇಟ್ಟು ಮೊದಲು ಎದೆಯ ಕಡೆ ಒತ್ತಿ, ಮತ್ತೆ ಬೆರಳು ಸೇರಿಸಿ ಅದುಮಿ, ಬಿಡಿ. ತೊಟ್ಟನ್ನು ಎಳೀಬೇಡಿ, ಚರ್ಮದ ಮೇಲೆ ಉಜ್ಜಬೇಡಿ. ಸುತ್ತಲೂ ಬೆರಳಿನ ಜಾಗ ಬದಲಾಯಿಸ್ತಾ ಇರಿ. ದಿನಕ್ಕೆ ಎಂಟರಿಂದ ಹತ್ತು ಸಲ, ರಾತ್ರಿ ಒಂದು ಸಲ ಆದ್ರೂ ಎದ್ದು, ಯಾಕಂದ್ರೆ ರಾತ್ರಿ ಹಾಲು ಬರಿಸುವ ಹಾರ್ಮೋನ್ ಜಾಸ್ತಿ. ಮಗುವಿನ ಫೋಟೋ ನೋಡ್ತಾ ಅಥವಾ ಅದರ ಬಟ್ಟೆ ಮೂಸ್ತಾ ಕೂತ್ರೆ ಹಾಲು ಬೇಗ ಇಳೀತದೆ, ಇದು ಅಜ್ಜಿ ಕಥೆ ಅಲ್ಲ. ಹಾಲು ಬಂದ ಮೇಲೆ ಬ್ರೆಸ್ಟ್ ಪಂಪ್ ತಕ್ಕೊಂಡ್ರೆ ಕೈ ನೋವು ತಪ್ತದೆ, ಅದರ ಪಾರ್ಟುಗಳನ್ನು ಪ್ರತಿ ಸಲ ತೊಳೆದು ಕುದಿಸ್ಬೇಕು.

ತಾಯಿಯನ್ನು ಡಿಸ್ಚಾರ್ಜ್ ಮಾಡಿ ಮಗುವನ್ನು ಇಟ್ಕೊಳ್ತಾರೆ, ಅಲ್ಲಿಂದ ನಿಜವಾದ ಕಷ್ಟ. ಸಾಧ್ಯ ಆದ್ರೆ ಆಸ್ಪತ್ರೆ ಹತ್ರವೇ ರೂಮು ಮಾಡಿ ಅಥವಾ ಮಂಗಳೂರಲ್ಲಿ ಯಾರಾದ್ರೂ ನೆಂಟರ ಮನೆ, ಈಗ ಮುಜುಗರ ಪಡುವ ಸಮಯ ಅಲ್ಲ. ಆಗುದೇ ಇಲ್ಲ, ಮನೆಯಿಂದಲೇ ಹಾಲು ಕಳಿಸ್ಬೇಕು ಅಂದ್ರೆ, ಕುದಿಸಿದ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಹೆಸರು ತಾರೀಕು ಹಿಂಡಿದ ಗಂಟೆ ಬರೆದ ಬಿಳಿ ಪ್ಲಾಸ್ಟರ್ ಅಂಟಿಸಿ, ಫ್ರಿಜ್ಜಿನ ಒಳಗಡೆ ಇಡಿ, ಬಾಗಿಲಿನಲ್ಲಿ ಅಲ್ಲ. ಐಸ್ ಪ್ಯಾಕ್ ಹಾಕಿದ ಸಣ್ಣ ಐಸ್ ಬಾಕ್ಸಿನಲ್ಲಿ ಅಪ್ಪ ಬೆಳಗ್ಗಿನ ರೈಲಿಗೆ ಕೊಂಡು ಹೋಗ್ಬಹುದು, ಬಸ್ಸಿಗಿಂತ ರೈಲೇ ವಾಸಿ, ಹೈವೇ ಬ್ಲಾಕಿನಲ್ಲಿ ಸಿಕ್ಕಿ ಹಾಕಿಕೊಂಡ್ರೆ ಐಸ್ ಕರಗಿ ಹೋಗ್ತದೆ. ಎಷ್ಟು ಗಂಟೆ ಹಳೆಯ ಹಾಲು ತಕ್ಕೊಳ್ತಾರೆ ಅಂತ ಒಂದೊಂದು ಎನ್‌ಐಸಿಯುಗೆ ಒಂದೊಂದು ನಿಯಮ, ಕೇಳಿಯೇ ಕೊಂಡು ಹೋಗಿ. ಹಾಲು ಎಷ್ಟು ಹಿಂಡಿದ್ರೂ ಸಾಲದಿದ್ರೆ ಹಾಲಿನ ಬ್ಯಾಂಕ್ ಉಂಟಾ ಅಂತ ವಿಚಾರಿಸಿ.

ಎದೆ ಮೇಲೆ ಇಟ್ಕೊಳ್ಳುದು

ಕಾಂಗರೂ ಕೇರ್ ಅಂತಾರೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಕಾಗದೆ ಶುರುವಾದ ಕ್ರಮ. ಇನ್‌ಕ್ಯುಬೇಟರ್ ಇಲ್ಲದವರ ಬಡ ಉಪಾಯ ಅಂತ ತಿಳ್ಕೊಂಡವರು ಈಗಲೂ ಇದ್ದಾರೆ, ಹಾಗಲ್ಲ. ಭಾರತವೂ ಸೇರಿ ಐದು ದೇಶಗಳಲ್ಲಿ ಮಾಡಿದ, 2021ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಒಂದು ಕಿಲೋದಿಂದ 1.8 ಕಿಲೋದೊಳಗಿನ ಮಕ್ಕಳನ್ನು ಹುಟ್ಟಿದ ಕೂಡ್ಲೆ ಎದೆ ಮೇಲೆ ಇಟ್ಟಾಗ ಸಾವು ಕಾಲು ಭಾಗದಷ್ಟು ಕಮ್ಮಿ ಆಯ್ತು, ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಆದಷ್ಟು ಬೇಗ ಶುರು ಮಾಡಿ, ದಿನಕ್ಕೆ 8ರಿಂದ 24 ಗಂಟೆ ಅಂತ ಹೇಳಿತು. ನೀವಾಗಿ ಕೇಳಿ: ನಾವು ಯಾವಾಗ ಶುರು ಮಾಡ್ಬಹುದು? ಸಿಪ್ಯಾಪ್ ಇರುವಾಗಲೂ ಕೆಲವು ಕಡೆ ಮಾಡಿಸ್ತಾರೆ.

ಮುಂದೆ ಬಟನ್ ಇರುವ ನೈಟಿ ಅಥವಾ ಅಂಗಿ ಹಾಕಿ ಹೋಗಿ. ಮಗುವಿಗೆ ಟೊಪ್ಪಿ, ಸಾಕ್ಸ್, ಡೈಪರ್ ಅಷ್ಟೆ, ಎದೆಗಳ ಮಧ್ಯೆ ನೆಟ್ಟಗೆ, ಕಪ್ಪೆಯ ಹಾಗೆ ಕೈಕಾಲು ಮಡಚಿ, ತಲೆ ಒಂದು ಬದಿಗೆ ತಿರುಗಿಸಿ, ಕುತ್ತಿಗೆ ಬಗ್ಗಿ ಉಸಿರಿಗೆ ಅಡ್ಡ ಬರದ ಹಾಗೆ, ಮೇಲಿಂದ ಬಟ್ಟೆ ಕಟ್ಟಿ. ಒಮ್ಮೆ ಕೂತ್ರೆ ಒಂದು ಗಂಟೆಗೆ ಕಮ್ಮಿ ಮಾಡ್ಬೇಡಿ, ಹಾಗಾಗಿ ಮೊದಲು ಬಾತ್‌ರೂಮಿಗೆ ಹೋಗಿ ಬನ್ನಿ. ಅಪ್ಪನೂ ಮಾಡ್ಬಹುದು, ಅಜ್ಜಿಯೂ ಮಾಡ್ಬಹುದು. ನಮ್ಮ ಕಡೆಯ ಗಂಡಸರಿಗೆ ಅಂಗಿ ಬಿಚ್ಚಿ ಕೂರ್ಲಿಕ್ಕೆ ನಾಚಿಕೆ, ದೇವಸ್ಥಾನದೊಳಗೆ ಮಾತ್ರ ನಾಚಿಕೆ ಇಲ್ಲ! ಮಾನಿಟರಿನಲ್ಲಿ ಉಸಿರಾಟ ಸಮ ಆಗುದನ್ನು ಒಮ್ಮೆ ನೋಡಿದ್ರೆ ಮತ್ತೆ ಅವರೇ ಏಳುದಿಲ್ಲ.

ಇನ್‌ಕ್ಯುಬೇಟರ್ ಒಳಗೆ ಇರುವ ಮಗುವನ್ನು ಮುಟ್ಟುವಾಗ ಸವರ್ಬೇಡಿ, ಆ ಚರ್ಮಕ್ಕೆ ಸವರಿದ್ರೆ ಉರೀತದೆ. ಒಂದು ಕೈ ತಲೆಗೆ ಒಂದು ಕೈ ಪಾದಕ್ಕೆ ಅಲ್ಲಾಡಿಸದೆ ಸುಮ್ನೆ ಇಡಿ.

ದುಡ್ಡು, ಕಾಗದ

ತಾಯಿಯ ಬಿಲ್ಲು ಬೇರೆ, ಮಗುವಿನ ಬಿಲ್ಲು ಬೇರೆ. ಪ್ರೈವೇಟಿನಲ್ಲಿ ದಿನಕ್ಕೆ ಎಷ್ಟು ಅಂತ ಮೊದಲ ದಿನವೇ ಅಂದಾಜು ಬರೆಸಿ. ಸರ್ಕಾರಿ ಆಸ್ಪತ್ರೆಯಲ್ಲಿ 2011ರಿಂದ ಇರುವ ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಹೆರಿಗೆಯೂ ಕಾಯಿಲೆ ಬಿದ್ದ ಮಗುವಿನ ಚಿಕಿತ್ಸೆಯೂ ಉಚಿತ, ಮಗುವಿಗೆ ಒಂದು ವರ್ಷದವರೆಗೆ. ಮಂಗಳೂರಿನ ಲೇಡಿಗೋಷನ್ ಸರ್ಕಾರಿ ಆಸ್ಪತ್ರೆಯೇ. ಕೇರಳ ಸರ್ಕಾರದ ಆರೋಗ್ಯ ವಿಮೆಯ ಕಾರುಣ್ಯ ಕಾರ್ಡ್ ಇರುವವರು ಅದು ತಲಪಾಡಿ ಆಚೆ ನಡೀತದಾ ಅಂತ ಎರಡೂ ಕಡೆ ಕೇಳ್ಬೇಕು, ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲೂ ನಿಮ್ಮ ಕಾರ್ಡ್ ಮಾಡಿದ ಕಡೆಯೂ, ಒಬ್ಬರ ಬಾಯಿಮಾತು ನಂಬಿ ಅಡ್ಮಿಟ್ ಆಗ್ಬೇಡಿ. ಕಂಪನಿ ಇನ್ಶೂರೆನ್ಸ್ ಇದ್ರೆ ಮಗುವಿನ ಹೆಸರು ಸೇರಿಸ್ಲಿಕ್ಕೆ ಗಂಡ ಮರುದಿನವೇ ಎಚ್‌ಆರ್‌ಗೆ ಮೇಲ್ ಹಾಕ್ಲಿ.

ಬರ್ತ್ ಸರ್ಟಿಫಿಕೇಟ್ ಹುಟ್ಟಿದ ಜಾಗದ್ದೇ ಬರುದು. ಮಂಗಳೂರಲ್ಲಿ ಹುಟ್ಟಿದ್ರೆ ಕರ್ನಾಟಕದ್ದು, ನಿಮ್ಮ ಪಂಚಾಯತಿನಲ್ಲಿ ಸಿಗುದಿಲ್ಲ. 21 ದಿನದ ಒಳಗೆ ನೋಂದಣಿ ಆಗ್ಬೇಕು, ಆಸ್ಪತ್ರೆಯವರೇ ಕಳಿಸ್ತಾರೆ, ಅಪ್ಪ ಅಮ್ಮನ ಹೆಸರು ಆಧಾರಿನ ಹಾಗೆಯೇ ಉಂಟಾ ಅಂತ ಮಾತ್ರ ನೋಡಿ. ಮಗುವಿಗೆ ಹೆಸರು ಇಡದಿದ್ರೂ ನೋಂದಣಿ ಆಗ್ತದೆ, ಹೆಸರು ಮತ್ತೆ ಸೇರಿಸ್ಬಹುದು. ನಾಮಕರಣ ಹೇಗೂ ಮುಂದೆ ಹೋಗ್ತದೆ, ಭಟ್ರನ್ನು ಕೇಳಿದ್ರೆ ಅವರೇ ಮಗು ಮನೆಗೆ ಬಂದ ಮೇಲೆ ನೋಡುವ ಅಂತಾರೆ.

ಉದ್ಯೋಗದಲ್ಲಿರುವ ತಾಯಂದಿರಿಗೆ 26 ವಾರದ ರಜೆ ಗೊತ್ತುಂಟು, ಆದ್ರೆ ಅವಧಿಪೂರ್ವ ಹೆರಿಗೆಯಿಂದ ತಾಯಿಗೆ ಅನಾರೋಗ್ಯ ಆದ್ರೆ ಅದೇ ಕಾನೂನಿನಲ್ಲಿ ಇನ್ನೊಂದು ತಿಂಗಳು ಸಂಬಳ ಸಮೇತ ರಜೆ ಉಂಟು, ಡಾಕ್ಟ್ರ ಸರ್ಟಿಫಿಕೇಟ್ ಬೇಕು.

ನೆಂಟರ ಫೋನಿಗೆ ಒಬ್ಬರನ್ನೇ ಇಡಿ, ಚಿಕ್ಕಪ್ಪನೋ ನಾದಿನಿಯೋ, ದಿನಕ್ಕೊಂದು ವಾಟ್ಸಾಪ್ ಮೆಸೇಜ್ ಸಾಕು. ತಾಯಿ ಸದಾ ಅಳ್ತಿದ್ರೆ, ನಿದ್ದೆಯೇ ಬರದಿದ್ರೆ, ಮಗುವನ್ನು ನೋಡ್ಲಿಕ್ಕೇ ಮನಸ್ಸಿಲ್ಲ ಅಂದ್ರೆ, ಎರಡು ವಾರ ಕಳೆದೂ ಹಾಗೆಯೇ ಇದ್ರೆ ಡಾಕ್ಟ್ರಿಗೆ ಹೇಳಿ, ಬಾಣಂತಿ ಸನ್ನಿ ದೃಷ್ಟಿ ಅಂತ ನೂಲು ಕಟ್ಟಿಸಿ ಸುಮ್ನೆ ಕೂರ್ಬೇಡಿ.

ಮನೆಗೆ ಬಂದ ಮೇಲೆ

ಮಗು ತನ್ನ ಮೈ ಬಿಸಿ ತಾನೇ ಉಳಿಸಿಕೊಂಡು, ಬಾಯಿಯಿಂದ ಅಥವಾ ಒಳಲೆಯಲ್ಲಿ ಹಾಲು ಕುಡಿದು, ಉಸಿರು ನಿಲ್ಲಿಸದೆ ಕೆಲವು ದಿನ ಕಳೆದು, ತೂಕ ಏರ್ತಾ ಇದ್ರೆ ಕಳಿಸ್ತಾರೆ. ಚೀಪಿ ನುಂಗಿ ಉಸಿರಾಡುದು ಮೂರೂ ಒಟ್ಟಿಗೆ ಬರ್ಲಿಕ್ಕೆ ಸುಮಾರು 34 ವಾರ ಆಗ್ಬೇಕು, ಅಲ್ಲಿವರೆಗೆ ಅವಸರ ಮಾಡಿ ಪ್ರಯೋಜನ ಇಲ್ಲ. ಡಿಸ್ಚಾರ್ಜಿಗೆ ಒಂದೆರಡು ದಿನ ಮೊದಲು ತಾಯಿ ಅಲ್ಲೇ ಇದ್ದು ಎಲ್ಲ ಕೆಲಸ ತಾನೇ ಮಾಡಿ ನೋಡ್ಲಿ.

ಮನೆಯಲ್ಲಿ ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವ ಅಜ್ಜಿ ಕಾದು ಕೂತಿರ್ತಾರೆ. ಡಾಕ್ಟ್ರು ಹೇಳುವವರೆಗೆ ಸ್ನಾನ ಬೇಡ, ಒರಸಿದ್ರೆ ಸಾಕು. ಸಾಂಬ್ರಾಣಿ ಹೊಗೆ, ಒಲೆಯ ಹೊಗೆ ಹತ್ರ ಬೇಡವೇ ಬೇಡ, ಆ ಶ್ವಾಸಕೋಶ ಈಗಷ್ಟೇ ಕಣ್ಣು ಬಿಡ್ತಾ ಉಂಟು. ಬಜೆ ತೇದು ನೆಕ್ಕಿಸುದು, ಜೇನು, ಗ್ರೈಪ್ ವಾಟರ್ ಯಾವುದೂ ಬೇಡ. ಆಟಿ ತಿಂಗಳ ಮಳೆಯಲ್ಲಿ ಕರೆಂಟು ಹೋಗಿ ಚಳಿ ಆದ್ರೆ ಕೆಂಡದ ಮಡಕೆ ಇಡ್ಬೇಡಿ, ಎದೆ ಮೇಲೆ ಹಾಕಿಕೊಂಡು ಕಂಬಳಿ ಹೊದ್ದು ಕೂತ್ಕೊಳ್ಳಿ. ಹೊಟ್ಟೆ ಬಿಸಿ ಇದ್ದು ಪಾದ ತಣ್ಣಗಿದ್ರೆ ಮಗುವಿಗೆ ಚಳಿ ಆಗ್ತಾ ಉಂಟು ಅಂತ ಅರ್ಥ. ಮಲಗಿಸುದು ಯಾವಾಗಲೂ ಅಂಗಾತ.

ಹಾಲು ಕುಡೀದಿದ್ರೆ, ಉಸಿರು ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಆದ್ರೆ, ಎದೆ ಒಳಗೆ ಸೆಳೆದ್ರೆ, ತುಟಿ ನೀಲಿ ಆದ್ರೆ, ಜ್ವರ ಬಂದ್ರೆ ಅಥವಾ ಬೆಚ್ಚಗೆ ಮಾಡಿದ್ರೂ ಮೈ ತಣ್ಣಗೇ ಇದ್ರೆ, ಅಂಗೈ ಅಂಗಾಲು ಹಳದಿ ಆದ್ರೆ, ಎಬ್ಬಿಸಿದ್ರೂ ಏಳದಿದ್ರೆ ಫೋನ್ ಮಾಡಿ ಕೂರ್ಬೇಡಿ, ಹೊರಡಿ.

ಕಣ್ಣಿನ ಪರೀಕ್ಷೆ ಎಲ್ಲದಕ್ಕಿಂತ ಹೆಚ್ಚು ತಪ್ಪಿ ಹೋಗುವ ವಿಷಯ, ಅದಕ್ಕೆ ಜೋರಾಗಿ ಹೇಳ್ತೇನೆ. 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಮ್ಮಿ ಇದ್ದ ಮಗುವಿಗೆ ಹುಟ್ಟಿ 30 ದಿನದ ಒಳಗೆ ಆರ್‌ಒಪಿ ಪರೀಕ್ಷೆ, ಅಂದ್ರೆ ಕಣ್ಣಿನ ಒಳಪರದೆಯ ಪರೀಕ್ಷೆ, ಆಗ್ಲೇಬೇಕು, ತುಂಬಾ ಚಿಕ್ಕ ಮಕ್ಕಳಿಗೆ ಇನ್ನೂ ಬೇಗ. ಹೊರಗಿಂದ ಕಣ್ಣು ಫಳಫಳ ಅಂತಲೇ ಇರ್ತದೆ, ಒಳಗಿನ ಪರದೆಯಲ್ಲಿ ರಕ್ತನಾಳ ತಪ್ಪಾಗಿ ಬೆಳೀತಾ ಇರ್ತದೆ, ಸರಿಯಾದ ಸಮಯಕ್ಕೆ ಲೇಸರ್ ಮಾಡಿದ್ರೆ ದೃಷ್ಟಿ ಉಳೀತದೆ, ತಡ ಆದ್ರೆ ಮತ್ತೆ ಏನೂ ಮಾಡ್ಲಿಕ್ಕಿಲ್ಲ. ಮಗು ಅಷ್ಟೊತ್ತಿಗೆ ಮನೆಗೆ ಬಂದಿರ್ತದೆ, ಬಾಣಂತಿ ಹೊರಗೆ ಹೋಗ್ಬಾರ್ದು, ಮಂಗಳೂರಿಗೆ ಅಷ್ಟು ದೂರ ಯಾಕೆ ಅಂತ ಹಿರಿಯರು ತಡೀತಾರೆ. ತಾರೀಕನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಕೆಂಪು ಪೆನ್ನಿನಲ್ಲಿ ಬರೆಸಿಕೊಂಡೇ ಬನ್ನಿ. ಕಿವಿಯ ಟೆಸ್ಟ್ ಕೂಡ ಆಯ್ತಾ ಅಂತ ಕೇಳಿ.

ಲಸಿಕೆಗೆ ಹುಟ್ಟಿದ ತಾರೀಕು ಲೆಕ್ಕ, ಬೆಳವಣಿಗೆಗೆ ಮಾತ್ರ ಡಾಕ್ಟ್ರು ಕೊಟ್ಟ ಡೇಟಿನ ಲೆಕ್ಕ. ಎರಡು ತಿಂಗಳು ಬೇಗ ಹುಟ್ಟಿದ ಮಗು ಆರು ತಿಂಗಳಿಗೆ ಕೂರದಿದ್ರೆ ಹೆದರ್ಬೇಡಿ, ಅದಕ್ಕೆ ನಿಜವಾಗಿ ನಾಲ್ಕೇ ತಿಂಗಳು, ಎರಡು ವರ್ಷದವರೆಗೆ ಹೀಗೆಯೇ ಕಳೆದು ನೋಡಿ. ಪಕ್ಕದ ಮನೆ ಮಗುವಿನ ಒಟ್ಟಿಗೆ ತೂಗಿ ನೋಡುವವರಿಗೆ ಈ ಲೆಕ್ಕ ಹೇಳಿದ್ರೂ ತಲೆಗೆ ಹೋಗುದಿಲ್ಲ, ಬಿಡಿ. ಐರನ್ ಡ್ರಾಪ್ಸ್, ವಿಟಮಿನ್ ಡಿ ಡಾಕ್ಟ್ರು ಹೇಳಿದಷ್ಟು ದಿನ ಬಿಡದೆ ಹಾಕಿ. ಡಿಸ್ಚಾರ್ಜ್ ಸಮ್ಮರಿಯ ನಾಲ್ಕೈದು ಝೆರಾಕ್ಸ್ ಮಾಡಿಸಿ, ಒಂದನ್ನು ನಿಮ್ಮ ಊರಿನ ಡಾಕ್ಟ್ರ ಹತ್ರ ಕೊಟ್ಟು ಬನ್ನಿ, ಒಂದನ್ನು ಆಶಾ ವರ್ಕರಿಗೆ ತೋರಿಸಿ, ಮನೆಗೆ ಬಂದು ತೂಕ ನೋಡಿ ಹೋಗ್ತಾರೆ.